ಬೂದು ಅಳಿಲನ್ನು ಹಿಡಿಸಿಕೊಡುವುದು ಪಾಪವೇ?

ಪ್ರಶ್ನೆ: ನಾವು ಹಾಸನದ ಕಡೆಯವರು. ಈಗ ಉತ್ತರ ಇಂಗ್ಲೆಂಡಿನ ನಾರ್ಥಂಬರ್ಲೆಂಡ್‌ನ ಒಂದು ಸಣ್ಣ ಊರಿನಲ್ಲಿದ್ದೇವೆ. ಹಿತ್ತಿಲಲ್ಲಿ ಹಕ್ಕಿಗಳಿಗೆಂದು ಕಡಲೆಕಾಯಿ ಬೀಜ ಇಡುತ್ತೇವೆ, ಬೂದು ಅಳಿಲುಗಳೂ ಬಂದು ತಿನ್ನುತ್ತವೆ. ಮಗಳಿಗೆ ಅವೆಂದರೆ ಪಂಚಪ್ರಾಣ. ಮೊನ್ನೆ ಪಕ್ಕದ ಮನೆಯ ಹಿರಿಯರು ಬಂದು, "ಈ ಕಣಿವೆಯಲ್ಲಿ ಇನ್ನೂ ಕೆಂಪು ಅಳಿಲುಗಳಿವೆ, ದಯವಿಟ್ಟು ಬೂದು ಅಳಿಲಿಗೆ ತಿನ್ನಲು ಇಡಬೇಡಿ, ಸ್ವಯಂಸೇವಕರಿಗೆ ತಿಳಿಸಿ" ಎಂದರು. ಅವರು ಹಿಡಿದು ಕೊಲ್ಲುತ್ತಾರಂತೆ. ರಾಮ ಬೆನ್ನು ಸವರಿದ ಅಳಿಲಿನ ಕಥೆ ಕೇಳಿ ಬೆಳೆದವಳು ನಾನು. ಒಂದು ಅಳಿಲನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು ಯಾವ ನ್ಯಾಯ? ಹಿಡಿದು ದೂರ ಬಿಟ್ಟು ಬಂದರೆ ಆಗದೇ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ನೆರೆಯವರ ಮಾತು ಸರಿ. ಕೆಂಪು ಅಳಿಲು ಇನ್ನೂ ಉಳಿದಿರುವ ಕಣಿವೆಯಲ್ಲಿ ನೀವಿದ್ದೀರಿ. ಅಲ್ಲಿ ಬೂದು ಅಳಿಲು ಕಂಡರೆ ತಿಳಿಸಬೇಕು, ಬೀಜ ಇಡುವುದನ್ನು ಸದ್ಯಕ್ಕೆ ನಿಲ್ಲಿಸಬೇಕು. ಇದೇ ಪ್ರಶ್ನೆಯನ್ನು ನೀವು ಲಂಡನ್ನಿನಿಂದ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಹಾಗೇಕೆ ಎಂದು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ರಿಟನ್ನಿನ ಮೂಲ ಅಳಿಲು ಎಂದರೆ ಕೆಂಪು ಅಳಿಲೊಂದೇ. ನಮ್ಮ ಪಶ್ಚಿಮ ಘಟ್ಟದ ಕೆಂದಳಿಲನ್ನು ನೆನೆದು ದೊಡ್ಡ ಪ್ರಾಣಿಯೆಂದುಕೊಳ್ಳಬೇಡಿ, ಇದು ಮುನ್ನೂರು ಗ್ರಾಂ ಆಸುಪಾಸಿನ ಪುಟ್ಟ ಜೀವ. ಬೂದು ಅಳಿಲು ಉತ್ತರ ಅಮೆರಿಕದ ಪೂರ್ವ ಭಾಗದ್ದು. 1876ರಲ್ಲಿ ಚೆಶೈರ್‌ನ ಹೆನ್‌ಬರಿ ಪಾರ್ಕಿನಲ್ಲಿ ಥಾಮಸ್ ಬ್ರಾಕಲ್‌ಹರ್ಸ್ಟ್ ಎಂಬ ಶ್ರೀಮಂತರು ಅಮೆರಿಕದಿಂದ ತಂದು ಬಿಟ್ಟದ್ದು ದಾಖಲೆಯಲ್ಲಿರುವ ಮೊದಲ ಪ್ರಸಂಗ. 1890ರಿಂದೀಚೆಗೆ ವೂಬರ್ನ್ ಆಬಿಯ ಎಸ್ಟೇಟಿನಿಂದ ಅವು ಊರೂರಿಗೆ ಉಡುಗೊರೆಯಾಗಿ ಹೋದವು. ಐರ್ಲೆಂಡಿಗೆ ಹೋದದ್ದಂತೂ 1911ರಲ್ಲಿ, ಲಾಂಗ್‌ಫರ್ಡ್ ಕೌಂಟಿಯ ಕ್ಯಾಸಲ್ ಫೋರ್ಬ್ಸ್‌ನ ಒಂದು ಮದುವೆಗೆ ಬಂದ ಉಡುಗೊರೆಯಾಗಿ. ದೊಡ್ಡವರ ತೋಟಕ್ಕೆ ಒಂದು ಅಲಂಕಾರ, ಅಷ್ಟೇ ಉದ್ದೇಶ. 1937ರಲ್ಲಿ ಕಾನೂನು ಮಾಡಿ ತರಿಸುವುದನ್ನೂ ಸಾಕುವುದನ್ನೂ ನಿಷೇಧಿಸಿದರು. ಆ ಹೊತ್ತಿಗೆ ಅವು ತೋಟಗಳ ಬೇಲಿ ದಾಟಿ ಎಷ್ಟೋ ಜಿಲ್ಲೆಗಳ ಕಾಡು ಸೇರಿಯಾಗಿತ್ತು.

2018ರಲ್ಲಿ ಬ್ರಿಟನ್ನಿನ ಸಸ್ತನಿ ಸಂಘ ಪ್ರಕಟಿಸಿದ ಅಂದಾಜು ನೋಡಿ: ಬೂದು ಅಳಿಲು 27 ಲಕ್ಷ, ಕೆಂಪು ಅಳಿಲು 2,87,000. ಆ ಕೆಂಪು ಅಳಿಲುಗಳಲ್ಲಿ 2,39,000 ಸ್ಕಾಟ್ಲೆಂಡಿನಲ್ಲೇ ಇವೆ. ಇಡೀ ಇಂಗ್ಲೆಂಡಿಗೆ ಉಳಿದದ್ದು 39,000ದಷ್ಟು. ಅವುಗಳಲ್ಲಿ ಬಹುಪಾಲು ನಿಮ್ಮ ಸುತ್ತಮುತ್ತಲಿನ ಉತ್ತರದ ಕಾಡುಗಳಲ್ಲಿವೆ.

ಬೂದು ಅಳಿಲು ಕೆಂಪು ಅಳಿಲನ್ನು ಅಟ್ಟಿಸಿಕೊಂಡು ಹೋಗಿ ಕಚ್ಚಿ ಕೊಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಎರಡೂ ಒಂದೇ ಮರದಲ್ಲಿ ಜಗಳವಿಲ್ಲದೆ ಓಡಾಡುವುದನ್ನು ನೋಡಬಹುದು. ಪೆಟ್ಟು ಬೀಳುವುದು ಹೊಟ್ಟೆಯ ಮೇಲೆ ಮತ್ತು ರೋಗದಿಂದ.

ಮೊದಲು ಹೊಟ್ಟೆಯ ವಿಷಯ. ಬೂದು ಅಳಿಲಿನ ತೂಕ ಕೆಂಪು ಅಳಿಲಿನ ಹೆಚ್ಚುಕಡಿಮೆ ಎರಡರಷ್ಟು. ಓಕ್ ಮರದ ಒಗರು ಕಾಯಿಯನ್ನು ಅದು ಚೆನ್ನಾಗಿ ಅರಗಿಸಿಕೊಳ್ಳುತ್ತದೆ, ಕೆಂಪು ಅಳಿಲಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಹೇಜಲ್ ಕಾಯಿ ಎರಡಕ್ಕೂ ಬೇಕು. ಹಾಗಾಗಿ ಬೂದು ಅಳಿಲು ಓಕ್ ಕಾಯಿ ತಿಂದು ದಪ್ಪಗಾಗಿ, ಹೇಜಲ್ ಕಾಯಿಯನ್ನೂ ಮೊದಲೇ ಮುಗಿಸಿಬಿಡುತ್ತದೆ. ಕೆಂಪು ಅಳಿಲು ಚಳಿಗಾಲಕ್ಕೆಂದು ನೆಲದಲ್ಲಿ ಹೂತಿಟ್ಟ ಕಾಯಿಯನ್ನೂ ಅಗೆದು ತಿನ್ನುತ್ತದೆ. ಅಗಲ ಎಲೆಯ ಕಾಡಿನ ಒಂದು ಹೆಕ್ಟೇರಿನಲ್ಲಿ ಕೆಂಪು ಅಳಿಲು ಒಂದು ಬದುಕಿದರೆ ಹೆಚ್ಚು, ಬೂದು ಅಳಿಲು ಎಂಟರವರೆಗೂ ಬದುಕಬಲ್ಲದು. ಚಳಿಗಾಲದಲ್ಲಿ ಸೊರಗಿದ ಕೆಂಪು ಹೆಣ್ಣು ಆ ವರ್ಷ ಮರಿ ಹಾಕುವುದಿಲ್ಲ, ಹಾಕಿದರೂ ಬದುಕುವ ಮರಿಗಳು ಕಡಿಮೆ. ಕಣ್ಣಿಗೆ ಒಂದು ಸಾವೂ ಬೀಳುವುದಿಲ್ಲ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕಾಡು ಖಾಲಿಯಾಗಿರುತ್ತದೆ.

ಇನ್ನು ರೋಗ. ಸ್ಕ್ವಿರಲ್ ಪಾಕ್ಸ್ ಎಂಬ ಸಿಡುಬಿನಂಥ ವೈರಸ್ ಇದೆ. ಬೂದು ಅಳಿಲು ಅದನ್ನು ಮೈಯಲ್ಲಿಟ್ಟುಕೊಂಡೂ ಆರೋಗ್ಯವಾಗಿ ಓಡಾಡಿಕೊಂಡಿರುತ್ತದೆ. ಕೆಂಪು ಅಳಿಲಿಗೆ ತಗುಲಿದರೆ ಕಣ್ಣು, ಮೂಗು, ಬಾಯಿ, ಕಾಲ್ಬೆರಳುಗಳ ಸುತ್ತ ಹುಣ್ಣೆದ್ದು ಹೆಪ್ಪುಗಟ್ಟುತ್ತದೆ. ಕಣ್ಣು ಕಾಣದೆ, ತಿನ್ನಲಾರದೆ, ಎರಡು ವಾರದೊಳಗೆ ಬಹುತೇಕ ಸಾಯುತ್ತದೆ. ವೈರಸ್ ಇರುವ ಕಡೆ ಬೂದು ಅಳಿಲು ಕೆಂಪು ಅಳಿಲಿನ ಜಾಗ ಹಿಡಿಯುವ ವೇಗ, ಬರೀ ಆಹಾರದ ಪೈಪೋಟಿ ಇರುವ ಕಡೆಗಿಂತ 17ರಿಂದ 25 ಪಟ್ಟು ಹೆಚ್ಚು ಎಂದು 2006ರ ಅಧ್ಯಯನವೊಂದು ತೋರಿಸಿತು. ಲಿವರ್‌ಪೂಲ್ ಹತ್ತಿರದ ಫಾರ್ಮ್‌ಬಿ ಪೈನ್ ತೋಪಿನಲ್ಲಿ 2008ರ ಹೊತ್ತಿಗೆ ಈ ರೋಗ ಬಂದು, ಇದ್ದ ಕೆಂಪು ಅಳಿಲುಗಳಲ್ಲಿ ಶೇ. 80ಕ್ಕೂ ಹೆಚ್ಚು ಸತ್ತವು. ಬದುಕುಳಿದವು ನಿಧಾನವಾಗಿ ಚೇತರಿಸಿಕೊಂಡವು ಎಂಬುದು ಸಮಾಧಾನದ ಸುದ್ದಿ.

ನಿಮ್ಮ ಹಿತ್ತಿಲಿನ ಫೀಡರ್ ಈ ಕಥೆಗೆ ಬರುವುದು ಇಲ್ಲಿಯೇ. ಕಾಡಿನಲ್ಲಿ ಎರಡು ಅಳಿಲುಗಳು ಒಂದೇ ಕೊಂಬೆಗೆ ಬಾಯಿ ಹಚ್ಚುವ ಸಂದರ್ಭ ಕಡಿಮೆ. ಕಡಲೆಬೀಜದ ಡಬ್ಬಿಗೆ ಬೆಳಿಗ್ಗೆ ಬೂದು ಅಳಿಲು ಬಾಯಿ ಹಾಕುತ್ತದೆ, ಮಧ್ಯಾಹ್ನ ಕೆಂಪು ಅಳಿಲು ಅದೇ ಜಾಗಕ್ಕೆ ಬಾಯಿ ಹಾಕುತ್ತದೆ. ನಿಮ್ಮ ನೆರೆಯವರು ಮೊದಲು ಹೇಳಿದ ಮಾತು ಫೀಡರ್ ತೆಗೆಯಿರಿ ಎಂದಾಗಿತ್ತಲ್ಲ, ಅದಕ್ಕೆ ಕಾರಣ ಇದೇ.

ಈಗ ನ್ಯಾಯದ ಪ್ರಶ್ನೆ. ಕೊಲ್ಲುವುದು ಕೊಲ್ಲುವುದೇ. ಅದಕ್ಕೆ 'ನಿಯಂತ್ರಣ', 'ನಿರ್ವಹಣೆ' ಎಂಬ ನಯವಾದ ಹೆಸರು ಕೊಟ್ಟು ಮುಚ್ಚುವುದು ನನಗೆ ಹಿಡಿಸುವುದಿಲ್ಲ. ಬೂದು ಅಳಿಲಿನದು ಏನೂ ತಪ್ಪಿಲ್ಲ, ತಂದು ಬಿಟ್ಟವರು ಮನುಷ್ಯರು. ಹಾಲೂಡುವ ತಾಯಿ ಬೋನಿಗೆ ಬಿದ್ದರೆ ಗೂಡಿನಲ್ಲಿರುವ ಮರಿಗಳೂ ಸಾಯುತ್ತವೆ, ಅದೂ ನಿಮಗೆ ಗೊತ್ತಿರಬೇಕು. ಇಷ್ಟೆಲ್ಲ ಗೊತ್ತಿದ್ದೂ ನಾನು ಹೌದೆನ್ನುತ್ತೇನೆ, ಆದರೆ ಒಂದು ಷರತ್ತಿನ ಮೇಲೆ: ಆ ಕೆಲಸಕ್ಕೆ ಒಂದು ಗಡಿ ಇರಬೇಕು, ಕೊನೆ ಮುಟ್ಟಿಸುವ ಯೋಜನೆ ಇರಬೇಕು, ಅದನ್ನು ವರ್ಷಾನುಗಟ್ಟಲೆ ನಡೆಸಿಕೊಂಡು ಹೋಗುವ ಜನ ಇರಬೇಕು. ಇವು ಮೂರೂ ಇಲ್ಲದೆ ಕೊಲ್ಲುವುದನ್ನು ನಾನು ಕ್ರೌರ್ಯ ಎಂದೇ ಕರೆಯುತ್ತೇನೆ.

ಬ್ರಿಟನ್ ಅಂಥ ಕ್ರೌರ್ಯವನ್ನೂ ಮಾಡಿ ನೋಡಿದೆ. 1950ರ ದಶಕದಲ್ಲಿ ಬೂದು ಅಳಿಲಿನ ಬಾಲ ತಂದು ಕೊಟ್ಟವರಿಗೆ ಸರ್ಕಾರ ಒಂದು ಶಿಲ್ಲಿಂಗ್, ಆಮೇಲೆ ಎರಡು ಶಿಲ್ಲಿಂಗ್ ಕೊಡುತ್ತಿತ್ತು. ಲಕ್ಷಗಟ್ಟಲೆ ಅಳಿಲುಗಳು ಸತ್ತವು. ಜನ ಸುಲಭವಾಗಿ ಸಿಗುವ ಕಡೆ ಬೇಟೆಯಾಡಿದರು, ಖಾಲಿಯಾದ ತೋಪಿಗೆ ಪಕ್ಕದ ತೋಪಿನಿಂದ ಹೊಸ ಅಳಿಲು ಬಂತು. ಸೋರುವ ಕೊಡಕ್ಕೆ ನೀರು ಸೇದಿದಂತಾಯಿತು. 1958ರಲ್ಲಿ ಯೋಜನೆ ನಿಂತಿತು, ಅಷ್ಟರಲ್ಲಿ ಬೂದು ಅಳಿಲಿನ ವ್ಯಾಪ್ತಿ ಇನ್ನಷ್ಟು ಹಿಗ್ಗಿತ್ತು. ಅದೇ ದೇಶ ಅದಕ್ಕೆ ಅರ್ಧ ಶತಮಾನ ಮುಂಚೆ, ಪೈನ್ ಮರಗಳಿಗೆ ಹಾನಿ ಮಾಡುತ್ತವೆ ಎಂದು ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ಸಂಘ ಕಟ್ಟಿಕೊಂಡು ಕೆಂಪು ಅಳಿಲನ್ನೇ ಹತ್ತಾರು ಸಾವಿರ ಸಂಖ್ಯೆಯಲ್ಲಿ ಹೊಡೆದಿತ್ತು. ಇವತ್ತು ಕೆಂಪು ಅಳಿಲಿಗಾಗಿ ದುಡಿಯುವವರು ಈ ಚರಿತ್ರೆಯನ್ನು ಮರೆಯದಿರುವುದು ಒಳ್ಳೆಯದು.

ಇದಕ್ಕೆ ಎದುರಾಗಿ ವೇಲ್ಸ್‌ನ ಆಂಗಲ್‌ಸೀ ದ್ವೀಪ ಇದೆ. 1998ರಲ್ಲಿ ಅಲ್ಲಿ ಕೆಲಸ ಶುರುವಾದಾಗ ಉಳಿದಿದ್ದ ಕೆಂಪು ಅಳಿಲು ನಲವತ್ತರ ಆಸುಪಾಸು. ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವೆ ಮೆನಾಯ್ ಜಲಸಂಧಿ, ದಾಟಲು ಎರಡು ಸೇತುವೆ. ಗಡಿ ಎಂದರೆ ಅದು. ತೋಪಿನಿಂದ ತೋಪಿಗೆ, ರೈತರ ಜಮೀನಿನಿಂದ ಜಮೀನಿಗೆ ಬೋನು ಇಡುತ್ತಾ ಹದಿನೈದು ವರ್ಷ ಬಿಡದೆ ನಡೆಸಿದರು. ಬೇರೆಡೆ ಬೆಳೆಸಿದ ಕೆಂಪು ಅಳಿಲುಗಳನ್ನೂ ತಂದು ಸೇರಿಸಿದರು. 2013ರ ಹೊತ್ತಿಗೆ ದ್ವೀಪದ ಕೊನೆಯ ಬೂದು ಅಳಿಲುಗಳನ್ನು ತೆಗೆದದ್ದಾಯಿತು. ಇವತ್ತು ಅಲ್ಲಿ ಕೆಂಪು ಅಳಿಲು ನೂರಾರಿವೆ, ಜಲಸಂಧಿಯ ಆಚೆ ದಡದ ಗ್ವಿನೆಡ್ ಜಿಲ್ಲೆಗೂ ದಾಟಿವೆ. ಅಲ್ಲಿಂದ ತಿಳಿದ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬೂದು ಅಳಿಲುಗಳ ಸಂಖ್ಯೆ ತೀರಾ ಇಳಿದಂತೆ, ಉಳಿದ ಬೂದು ಅಳಿಲುಗಳಲ್ಲಿ ವೈರಸ್‌ನ ಕುರುಹೂ ಬಹಳ ಕಡಿಮೆಯಾಯಿತು. ಹರಡಲು ಸಾಕಷ್ಟು ಅಳಿಲುಗಳೇ ಇಲ್ಲದಿದ್ದರೆ ರೋಗ ತಾನಾಗಿ ನಂದುತ್ತದೆ. ಅಂದರೆ ಕೊನೆಯ ಒಂದು ಅಳಿಲು ಹೋಗುವ ಮೊದಲೇ ಪ್ರಯೋಜನ ಸಿಗತೊಡಗುತ್ತದೆ.

ಮರುಕದಿಂದ ತಡೆದರೆ ಏನಾಗುತ್ತದೆ ಎಂಬುದಕ್ಕೆ ಇಟಲಿಯನ್ನು ನೋಡಬೇಕು. 1948ರಲ್ಲಿ ತೂರಿನ್ ಹತ್ತಿರದ ಸ್ತುಪಿನೀಜಿಯಲ್ಲಿ ಎರಡೇ ಜೋಡಿ ಬೂದು ಅಳಿಲು ಬಿಟ್ಟಿದ್ದರು. 1997ರಲ್ಲಿ ಅಲ್ಲಿನ ವಿಜ್ಞಾನಿಗಳು ರಾಕೊನೀಜಿ ಉದ್ಯಾನದಲ್ಲಿ, ಅಳಿಲಿಗೆ ಅರಿವಳಿಕೆ ಕೊಟ್ಟು ನೋವಿಲ್ಲದೆ ತೆಗೆಯುವ ಪ್ರಯೋಗ ಶುರುಮಾಡಿದರು. ಪ್ರಾಣಿದಯಾ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು, ಕೆಲಸ ನಿಂತಿತು. 2000ದಲ್ಲಿ ವಿಜ್ಞಾನಿಗಳದ್ದು ತಪ್ಪಿಲ್ಲ ಎಂದು ತೀರ್ಪು ಬಂತು. ಆ ಮೂರು ವರ್ಷಗಳಲ್ಲಿ ಅಳಿಲುಗಳು ಉದ್ಯಾನ ದಾಟಿ ಹಬ್ಬಿ, ಆ ಪ್ರದೇಶದಿಂದ ಅವನ್ನು ಪೂರ್ತಿ ತೆಗೆಯುವ ಅವಕಾಶವೇ ಕೈತಪ್ಪಿತು. ಆ ಸಂಘಟನೆಗಳವರ ಕಾಳಜಿ ಪ್ರಾಮಾಣಿಕವಾದದ್ದೇ ಇರಬಹುದು. ಆದರೂ ಅವರು ಉಳಿಸಿದ ಅಳಿಲುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಅಳಿಲುಗಳು, ಕೆಂಪು ಮತ್ತು ಬೂದು ಎರಡೂ, ಮುಂದೆ ಸಾಯುವ ಹಾಗಾಯಿತು. ನಿಮ್ಮ ಪ್ರಶ್ನೆಗೆ ನನ್ನ ಬಳಿ ಇರುವ ಅತಿ ಗಟ್ಟಿಯಾದ ಉತ್ತರ ಇದು. ಬೇಗ, ಸ್ವಲ್ಪ ಜಾಗದಲ್ಲಿ, ಪೂರ್ತಿಯಾಗಿ ಮಾಡಿದರೆ ಕಡಿಮೆ ಜೀವ ಹೋಗುತ್ತದೆ.

ಲಂಡನ್ನಿನಲ್ಲಿ ನನ್ನ ಉತ್ತರ ಬೇರೆ ಎಂದೆನಲ್ಲ, ಅದೂ ಇದಕ್ಕಾಗಿಯೇ. ಅಲ್ಲಿ ಕಾಪಾಡಲು ಕೆಂಪು ಅಳಿಲಿಲ್ಲ, ಸುತ್ತ ನೂರಾರು ಮೈಲಿ ಬೂದು ಅಳಿಲೇ. ಹಿತ್ತಿಲಿನ ಒಂದನ್ನು ಕೊಂದು ಯಾರಿಗೂ ಏನೂ ಸಿಗುವುದಿಲ್ಲ. ನಿಮ್ಮ ಕಣಿವೆಗೆ ಬರುವ ಒಂದೊಂದು ಬೂದು ಅಳಿಲೂ ಲೆಕ್ಕಕ್ಕೆ ಬರುತ್ತದೆ. ನಿಮಗೆ ಹತ್ತಿರದ ಕೀಲ್ಡರ್ ಕಾಡು ಇಂಗ್ಲೆಂಡಿನ ಕೆಂಪು ಅಳಿಲುಗಳ ಅತಿ ದೊಡ್ಡ ಆಸರೆ. ಸೋಜಿಗವೆಂದರೆ ಆ ಕಾಡು ಸ್ವತಃ 1926ರಿಂದ ನೆಟ್ಟು ಬೆಳೆಸಿದ್ದು, ಅಲ್ಲಿ ಹೆಚ್ಚಾಗಿರುವ ಸಿಟ್ಕಾ ಸ್ಪ್ರೂಸ್ ಮರವೂ ಉತ್ತರ ಅಮೆರಿಕದಿಂದಲೇ ಬಂದದ್ದು. ಅದರ ಸಣ್ಣ ಬೀಜದಲ್ಲಿ ಹಗುರ ಮೈಯ ಕೆಂಪು ಅಳಿಲು ಹೇಗೋ ಬದುಕುತ್ತದೆ, ಬೂದು ಅಳಿಲಿಗೆ ಅದು ಸಾಲುವುದಿಲ್ಲ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಯಾರಾದರೂ ಹೇಳಿದರೆ ಕೀಲ್ಡರ್ ತೋರಿಸಿ. ಯಾವುದು ಎಲ್ಲಿ ಏನು ಮಾಡುತ್ತಿದೆ ಎಂಬುದಷ್ಟೇ ಪ್ರಶ್ನೆ, ಪಾಸ್‌ಪೋರ್ಟ್ ನೋಡುವುದಲ್ಲ.

ದೂರ ಬಿಟ್ಟು ಬರಬಹುದೇ ಎಂದು ಕೇಳಿದ್ದೀರಿ. ಆಗದು. ಹಿಡಿದ ಬೂದು ಅಳಿಲನ್ನು ಮತ್ತೆ ಬಿಡುವುದು ಕಾನೂನಿಗೆ ವಿರುದ್ಧ. 2019ರ ಡಿಸೆಂಬರ್‌ನಿಂದ ನಿಯಮ ಇನ್ನೂ ಬಿಗಿಯಾಗಿದೆ. ಬಿಟ್ಟರೂ ಅದು ಇನ್ನೊಂದು ಕಡೆಯ ಕೆಂಪು ಅಳಿಲಿಗೆ ರೋಗ ಒಯ್ಯುತ್ತದೆ, ಇಲ್ಲವೇ ಈಗಾಗಲೇ ತುಂಬಿರುವ ತೋಪಿನಲ್ಲಿ ಹಸಿದು ಸಾಯುತ್ತದೆ. ಲಸಿಕೆಗೆ ಸ್ಕಾಟ್ಲೆಂಡಿನ ಮೊರೆಡನ್ ಸಂಸ್ಥೆಯಲ್ಲಿ ಪ್ರಯತ್ನ ನಡೆದಿತ್ತು, ಕಾಡಿನಲ್ಲಿ ಬಳಸುವಂಥದ್ದು ಇನ್ನೂ ಬಂದಿಲ್ಲ. ಸಂತಾನಹರಣ ಔಷಧವನ್ನು ಆಹಾರದಲ್ಲಿ ಬೆರೆಸಿ ಕೊಡುವ ಸಂಶೋಧನೆ ಬ್ರಿಟನ್ನಿನ ಸರ್ಕಾರಿ ಪ್ರಾಣಿ ಆರೋಗ್ಯ ಸಂಸ್ಥೆಯಲ್ಲಿ ನಡೆಯುತ್ತಿದೆ. ತೂಕ ನೋಡಿ ಬಾಗಿಲು ತೆರೆಯುವ ಡಬ್ಬಿ ಮಾಡಿದ್ದಾರೆ, ಬೂದು ಅಳಿಲು ಹತ್ತಿದರೆ ತೆರೆಯುತ್ತದೆ, ಹಗುರವಾದ ಕೆಂಪು ಅಳಿಲಿಗೆ ತೆರೆಯುವುದಿಲ್ಲ. ಅದು ಕೈಗೆ ಬಂದ ದಿನ ಬೋನುಗಳನ್ನು ಮೂಲೆಗಿಡಲು ನಾನು ಮೊದಲಿಗನಾಗಿರುತ್ತೇನೆ.

ನನಗೆ ಅತಿ ಹೆಚ್ಚು ಆಸೆ ಹುಟ್ಟಿಸಿರುವುದು ಪೈನ್ ಮಾರ್ಟನ್ ಎಂಬ ಪ್ರಾಣಿ. ಕೊಡಗಿನ ಕಾಡುಗಳಲ್ಲಿ ಅಪರೂಪಕ್ಕೆ ಕಾಣುವ ನೀಲಗಿರಿ ಮಾರ್ಟನ್‌ನ ದಾಯಾದಿ ಇದು, ಬೆಕ್ಕಿನ ಗಾತ್ರದ್ದು, ಮರ ಹತ್ತುವುದರಲ್ಲಿ ನಿಸ್ಸೀಮ. ಬೇಟೆಯಿಂದ, ಕಾಡು ಕಡಿದದ್ದರಿಂದ ಬ್ರಿಟನ್, ಐರ್ಲೆಂಡುಗಳ ಬಹುಭಾಗದಿಂದ ಅದು ಅಳಿದುಹೋಗಿತ್ತು. ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಐರ್ಲೆಂಡಿನ ಮಧ್ಯಭಾಗದಲ್ಲಿ ಚೇತರಿಸಿಕೊಂಡಿತು. ಅದು ಬಂದ ಕಾಡುಗಳಲ್ಲಿ ಬೂದು ಅಳಿಲು ಕುಸಿದು, ಕೆಂಪು ಅಳಿಲು ವಾಪಸ್ ಬಂದದ್ದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. 2018ರಲ್ಲಿ ಸ್ಕಾಟ್ಲೆಂಡಿನಿಂದಲೂ ಅಂಥದೇ ಫಲಿತಾಂಶ ಬಂತು. ಮಾರ್ಟನ್ ಕೆಂಪು ಅಳಿಲನ್ನೂ ತಿನ್ನುತ್ತದೆ, ಆದರೆ ಇವೆರಡೂ ಸಾವಿರಾರು ವರ್ಷ ಒಟ್ಟಿಗೆ ಬದುಕಿದವು. ಫೀಡರ್ ಬಳಿ ಮಾರ್ಟನ್ ವಾಸನೆ ಹಚ್ಚಿಟ್ಟು ನೋಡಿದಾಗ ಕೆಂಪು ಅಳಿಲುಗಳು ಹತ್ತಿರ ಬರುವುದನ್ನು ಕಡಿಮೆ ಮಾಡಿದವು, ಬಂದರೂ ಸುತ್ತ ನೋಡುತ್ತಾ ತಿಂದವು. ಬೂದು ಅಳಿಲುಗಳು ಏನೂ ಆಗಿಲ್ಲವೆಂಬಂತೆ ತಿನ್ನುತ್ತಲೇ ಇದ್ದವು. ಅವುಗಳಿಗೆ ಈ ಶತ್ರುವಿನ ಪರಿಚಯವೇ ಇಲ್ಲ. 2015ರಿಂದ 2017ರವರೆಗೆ ಸ್ಕಾಟ್ಲೆಂಡಿನಿಂದ 51 ಮಾರ್ಟನ್‌ಗಳನ್ನು ತಂದು ಮಧ್ಯ ವೇಲ್ಸ್‌ನಲ್ಲಿ ಬಿಟ್ಟರು, ಆಮೇಲೆ ಡೀನ್ ಕಾಡಿನಲ್ಲೂ ಬಿಟ್ಟರು. ಒಂದು ಮಿತಿ ಇದೆ: ಮಾರ್ಟನ್ ಊರೊಳಗೆ ಬರುವುದಿಲ್ಲ. ಪಟ್ಟಣದ ಪಾರ್ಕುಗಳು ಬೂದು ಅಳಿಲಿನ ಅಡಗುದಾಣವಾಗಿ ಉಳಿಯುತ್ತವೆ, ಅಲ್ಲಿಂದ ಅವು ಮತ್ತೆ ಹೊರಡುತ್ತವೆ. ಹಾಗಾಗಿ ಮಾರ್ಟನ್ ಬಂದರೂ ಜನರ ಕೆಲಸ ಮುಗಿಯುವುದಿಲ್ಲ, ಹಗುರಾಗುತ್ತದೆ.

ಅಳಿಲಿನದೊಂದೇ ಕಥೆ ಎಂದುಕೊಳ್ಳಬೇಡಿ. ತುಪ್ಪಳಕ್ಕೆಂದು ಸಾಕಿದ್ದ ಅಮೆರಿಕದ ಮಿಂಕ್ ತಪ್ಪಿಸಿಕೊಂಡು ಬ್ರಿಟನ್ನಿನ ಹೊಳೆಗಳನ್ನು ಸೇರಿತು. ಹೆಣ್ಣು ಮಿಂಕ್ ನೀರಿಲಿಯ ಬಿಲದೊಳಗೇ ನುಗ್ಗುವಷ್ಟು ಸಣ್ಣದು, ಅದರ ಮುಂದೆ ನೀರಿಲಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಈಗ ಪೂರ್ವ ಇಂಗ್ಲೆಂಡಿನಲ್ಲಿ, ಬೋನಿಗೆ ಪ್ರಾಣಿ ಬಿದ್ದ ಕೂಡಲೇ ಮೊಬೈಲಿಗೆ ಸಂದೇಶ ಕಳಿಸುವ ತೆಪ್ಪದ ಬೋನುಗಳಿಂದ ಮಿಂಕ್ ಅನ್ನು ಹೆಚ್ಚುಕಡಿಮೆ ಅಳಿಸಿದ್ದಾರೆ. ಅಲ್ಲೂ ಅದೇ: ಗಡಿ, ಯೋಜನೆ, ಬಿಡದ ಜನ.

ರಾಮನ ಅಳಿಲಿನ ಮಾತು ತೆಗೆದಿರಿ. ಆ ಕಥೆ ನನಗೂ ಪ್ರೀತಿಯದು. ನಮ್ಮ ಉಪಖಂಡದ ಪಟ್ಟೆ ಅಳಿಲು ಹತ್ತೊಂಬತ್ತನೇ ಶತಮಾನದ ಕೊನೆಗೆ ಆಸ್ಟ್ರೇಲಿಯಾದ ಪರ್ತ್ ಮೃಗಾಲಯದಿಂದ ಹೊರಬಿದ್ದು, ಇವತ್ತು ಆ ಊರಿನಲ್ಲಿ ಪಿಡುಗಿನ ಪಟ್ಟಿಯಲ್ಲಿದೆ. ನಮ್ಮ ಊರಿನ ಕಾಗೆ ಕೀನ್ಯಾದ ಕರಾವಳಿಯಲ್ಲಿ ಅಲ್ಲಿನ ಹಕ್ಕಿಗಳ ಮೊಟ್ಟೆ ಮರಿ ತಿಂದು ಎಷ್ಟು ಹೆಚ್ಚಿದೆ ಎಂದರೆ, 2024ರಲ್ಲಿ ಅಲ್ಲಿನ ವನ್ಯಜೀವಿ ಇಲಾಖೆ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಗುರಿ ಘೋಷಿಸಿತು. ಪಿತೃಪಕ್ಷದಲ್ಲಿ ನಾವು ಕರೆದು ಅನ್ನ ಇಡುವ ಹಕ್ಕಿ ಅದು. ಹಾಸನದಿಂದ ಬಂಡೀಪುರದ ಕಡೆ ಹೋದರೆ ರಸ್ತೆಯ ಎರಡೂ ಬದಿ ಕಾಣುವ ಲಂಟಾನ ಕೂಡ ಚಂದದ ಹೂವೆಂದು ಬ್ರಿಟಿಷರು ಈ ದೇಶಕ್ಕೆ ತಂದ ಗಿಡ. ಹುಲ್ಲು ಬೆಳೆಯಬೇಕಾದ ಜಾಗವನ್ನೆಲ್ಲ ಅದು ನುಂಗಿದೆ. ಈ ಕಡೆಯಿಂದ ನೋಡಿದರೆ ನಿಮ್ಮ ನೆರೆಯವರ ಸಂಕಟ ನಮಗೆ ಹೊಸದೇನೂ ಅಲ್ಲ.

ಇನ್ನು ನೀವು ಮಾಡಬೇಕಾದದ್ದು. ಮೊದಲು ಅಳಿಲು ಯಾವುದೆಂದು ಖಚಿತ ಮಾಡಿಕೊಳ್ಳಿ. ಬಣ್ಣ ನಂಬಬೇಡಿ, ಚಳಿಗಾಲದಲ್ಲಿ ಕೆಂಪು ಅಳಿಲು ಬೂದಿ ಮಿಶ್ರಿತವಾಗಿ ಕಾಣುತ್ತದೆ, ಬೇಸಿಗೆಯಲ್ಲಿ ಬೂದು ಅಳಿಲಿನ ಮೈಮೇಲೆ ಕೆಂಚು ಇರುತ್ತದೆ. ಬಾಲದ ಅಂಚಿನಲ್ಲಿ ಬಿಳಿ ಗೆರೆಯಂಥ ಕೂದಲಿದ್ದರೆ ಬೂದು. ಬಾಲ ಪೂರ್ತಿ ಒಂದೇ ಬಣ್ಣವಿದ್ದು, ಚಳಿಗಾಲದಲ್ಲಿ ಕಿವಿಯ ಮೇಲೆ ಕೂದಲ ಕುಚ್ಚಿದ್ದರೆ ಕೆಂಪು. ಫೋಟೋ ತೆಗೆದು 'ರೆಡ್ ಸ್ಕ್ವಿರಲ್ಸ್ ನಾರ್ದರ್ನ್ ಇಂಗ್ಲೆಂಡ್' ಯೋಜನೆಗೆ ಅಥವಾ ನಿಮ್ಮ ಕಣಿವೆಯ ಸ್ವಯಂಸೇವಕರಿಗೆ ಕಳಿಸಿ. ಅವರು ಜೀವಂತ ಹಿಡಿಯುವ ಬೋನನ್ನೇ ಇಡುತ್ತಾರೆ, ಕೆಂಪು ಅಳಿಲು ಬಿದ್ದರೆ ಅಲ್ಲೇ ಬಿಡುತ್ತಾರೆ. ಬೂದು ಅಳಿಲನ್ನು ಥಟ್ಟನೆ ಪ್ರಾಣ ಹೋಗುವಂತೆ ಕೊಲ್ಲಬೇಕು, ನೀರಿನಲ್ಲಿ ಮುಳುಗಿಸುವುದು ಅಪರಾಧ. ಹೇಗೆ ಮಾಡುತ್ತೀರಿ ಎಂದು ಅವರನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ. ನಿಮ್ಮ ಹಿತ್ತಿಲಲ್ಲಿ ಬೋನು ಬೇಡವೆನಿಸಿದರೆ ಹಾಗೆಯೇ ಹೇಳಿ, ನೆರೆಯವರ ಜಾಗದಲ್ಲಿ ಇಡಬಹುದು.

ಮಗಳಿಗೆ ಸುಳ್ಳು ಹೇಳಬೇಡಿ. "ಅಳಿಲನ್ನು ಬೇರೆ ಊರಿಗೆ ಕಳಿಸಿದರು" ಎಂದರೆ ಒಂದು ದಿನ ಅವಳಿಗೆ ತಿಳಿಯುತ್ತದೆ, ಆಗ ಅಳಿಲಿನ ಜೊತೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ರೋಗದ ವಿಷಯ ಸರಳವಾಗಿ ಹೇಳಿ. ಅತ್ತರೆ ಅಳಲಿ. ಕೆಂಪು ಅಳಿಲು ಕಂಡಾಗ ದಿನಾಂಕ, ಜಾಗ ಬರೆದಿಟ್ಟು ಕಳಿಸುವ ಕೆಲಸವನ್ನು ಅವಳಿಗೇ ವಹಿಸಿ. ಆ ಯೋಜನೆಯವರಿಗೆ ಇಂಥ ಮಾಹಿತಿ ನಿಜಕ್ಕೂ ಬೇಕು.

ಫೀಡರ್ ಈಗಲೇ ಒಳಗೆ ತನ್ನಿ, ಸೋಂಕುನಾಶಕ ಹಾಕಿ ಉಜ್ಜಿ ತೊಳೆದು ಒಣಗಿಸಿ. ಬೂದು ಅಳಿಲು ಬರುವುದು ನಿಂತಿದೆ ಎಂದು ಸ್ವಯಂಸೇವಕರು ಹೇಳಿದ ಮೇಲೆ ಮತ್ತೆ ಹಾಕಬಹುದು. ಆಗ ಕಡಲೆಬೀಜ ಕಡಿಮೆ ಮಾಡಿ, ಅದರಲ್ಲಿ ಸುಣ್ಣದಂಶ ಸಾಲದು, ಅದನ್ನೇ ತಿಂದರೆ ಅಳಿಲಿನ ಮೂಳೆ ಸೊರಗುತ್ತದೆ. ಸಿಪ್ಪೆ ಸಮೇತ ಹೇಜಲ್ ಕಾಯಿ ಇಡಿ, ವಾರಕ್ಕೊಮ್ಮೆ ಡಬ್ಬಿ ತೊಳೆಯಿರಿ. ಕಣ್ಣು ಬಾಯಿಯ ಸುತ್ತ ಹುಣ್ಣಾಗಿ ಮಂಕಾಗಿ ಕೂತ ಕೆಂಪು ಅಳಿಲು ಕಂಡರೆ ಮುಟ್ಟದೆ ಆ ದಿನವೇ ಅವರಿಗೆ ಫೋನ್ ಮಾಡಿ, ಫೀಡರ್ ಮತ್ತೆ ಒಳಗೆ ತನ್ನಿ.